ಭಾನುವಾರ ಬರುವ ಮಗ, ಯಾವಾಗಲೋ ಬರುವ ಮಗಳು!

"ಸ್ವಾಮೀ, ಮೂರು ವಾರದಿಂದ ನಿಮ್ಮ ಅಂಕಣದಲ್ಲಿ ಒಂದು ಫೈಟಿಲ್ಲ, ಒಂದು ಡ್ಯುಯೆಟ್ಟಿಲ್ಲ. ನಮ್ಮಂಥವರ ಮೇಲೂ ಸ್ವಲ್ಪ ಕರುಣೆ ಇರಲಿ!" ಅಂತ ತಿಪಟೂರಿನ ಓದುಗ ಮಿತ್ರರೊಬ್ಬರು ಬರೆದಿದ್ದಾರೆ. ಒಪ್ಪಿದೆ ದೊರೆ, ತಪ್ಪು ನನ್ನದೇ. ಆದರೆ ಏನು ಮಾಡಲಿ, ಈ ವಾರವೂ ಫೈಟಿಲ್ಲ! ಈ ವಾರದ ಚಿತ್ರದಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ಯಾರೂ ಎದೆ ಬಡಿದುಕೊಂಡು ಅಳುವುದಿಲ್ಲ. ಒಬ್ಬ ಮುದುಕನ ಮನೆಗೆ ಭಾನುವಾರ ಮಕ್ಕಳು ಬರುತ್ತಾರೆ, ಊಟ ಮಾಡುತ್ತಾರೆ, ಸಂಜೆ ಹೊರಟು ಹೋಗುತ್ತಾರೆ. ಅಷ್ಟೇ ಕಥೆ.

ಆದರೂ ಈ ಪಿಕ್ಚರ್ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಪುಟ ತಿರುಗಿಸಬೇಡಿ. ನಿಮ್ಮ ಬಸ್ಸು ಹೊರಡಲು ಇನ್ನೂ ಹೊತ್ತಿದೆ!

ಚಿತ್ರದ ಹೆಸರು 'ಎ ಸಂಡೇ ಇನ್ ದಿ ಕಂಟ್ರಿ'. ಹಳ್ಳಿಯಲ್ಲೊಂದು ಭಾನುವಾರ ಅನ್ನಿ. 1984ರ ಫ್ರೆಂಚ್ ಚಿತ್ರ. ನಿರ್ದೇಶಕ ಬರ್ಟ್ರಾಂಡ್ ತಾವೆರ್ನಿಯೆ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಈತನ ಪಾಲಾಯಿತು. ನ್ಯೂಯಾರ್ಕಿನ ವಿಮರ್ಶಕರು ಆ ವರ್ಷದ ಅತ್ಯುತ್ತಮ ವಿದೇಶಿ ಚಿತ್ರ ಅಂತ ಆರಿಸಿದ್ದೂ ಇದನ್ನೇ. ನಾನು ನೋಡಿದ್ದು ಮಾತ್ರ ಗೆಳೆಯನ ರೂಮಿನಲ್ಲಿ, ಅವನ ಹಳೇ ಲ್ಯಾಪ್‌ಟಾಪಿನಲ್ಲಿ, ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಅಟ್ಟಿಸಿಕೊಂಡು ಹೋಗಿ! ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಇಂಗ್ಲಿಷ್ ಅಕ್ಷರ ಸ್ವಲ್ಪ ನಿಧಾನಕ್ಕೆ ಓಡಿದರೆ ಒಳ್ಳೆಯದು. ಪುಣ್ಯಕ್ಕೆ ಈ ಚಿತ್ರದಲ್ಲಿ ಎಲ್ಲವೂ ನಿಧಾನ.

ಈ ತಾವೆರ್ನಿಯೆಯೂ ಓದು ಬಿಟ್ಟವನೇ ಅಂತ ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. 1941ರಲ್ಲಿ ಲಿಯೋನ್ ಪಟ್ಟಣದಲ್ಲಿ ಹುಟ್ಟಿದ. ತಂದೆ ರೆನೆ ತಾವೆರ್ನಿಯೆ ಕವಿ. ಯುದ್ಧಕಾಲದಲ್ಲಿ ಜರ್ಮನ್ನರು ದೇಶವನ್ನು ಆಕ್ರಮಿಸಿದ್ದಾಗ ಸಾಹಿತ್ಯ ಪತ್ರಿಕೆ ನಡೆಸಿದವರು. ಮಗ ಪ್ಯಾರಿಸಿನಲ್ಲಿ ಲಾ ಓದಲು ಸೇರಿ, ಲಾ ಪುಸ್ತಕ ಮುಚ್ಚಿಟ್ಟು ಸಿನಿಮಾ ಹಿಂದೆ ಬಿದ್ದ. ಫಿಲ್ಮ್ ಕ್ಲಬ್ ಮಾಡಿದ, ಸಿನಿಮಾ ಬಗ್ಗೆ ಬರೆದ, ಇನ್ನೊಬ್ಬರ ಚಿತ್ರಗಳಿಗೆ ಪ್ರಚಾರದ ಕೆಲಸ ಮಾಡಿದ. ಮೊದಲ ದೊಡ್ಡ ಚಿತ್ರ ಮಾಡುವ ಹೊತ್ತಿಗೆ ಮೂವತ್ತು ದಾಟಿತ್ತು. ನನಗಿನ್ನೂ ಮೂವತ್ತು ತುಂಬಿಲ್ಲ. ಆಸೆ ಇಟ್ಟುಕೊಳ್ಳಬಹುದು ಅಲ್ವಾ?

ಕಥೆಗೆ ಬರೋಣ. ವರ್ಷ 1912, ಬೇಸಿಗೆ ಮುಗಿಯುತ್ತಿರುವ ಕಾಲ. ಪ್ಯಾರಿಸಿನಿಂದ ಸ್ವಲ್ಪ ದೂರ, ತೋಟದ ನಡುವೆ ಒಂದು ದೊಡ್ಡ ಮನೆ. ಅಲ್ಲಿ ಲಾದ್ಮಿರಾಲ್ ಎಂಬ ಎಪ್ಪತ್ತು ದಾಟಿದ ಚಿತ್ರಕಾರ. ಹೆಂಡತಿ ತೀರಿಕೊಂಡಿದ್ದಾಳೆ. ಮನೆಯಲ್ಲಿ ಮೆರ್ಸೆದೆಸ್ ಎಂಬ ಕೆಲಸದಾಕೆ ಮಾತ್ರ. ಆಕೆಗೂ ಈತನಿಗೂ ದಿನಾ ಸಣ್ಣಪುಟ್ಟ ಜಗಳ. ಆ ಜಗಳವೂ ಇಲ್ಲದಿದ್ದರೆ ಆ ಮನೆಯಲ್ಲಿ ಮಾತೇ ಇಲ್ಲ!

ಮುದುಕ ಭಾನುವಾರ ಬೆಳಿಗ್ಗೆ ಎದ್ದು, ಒಳ್ಳೆಯ ಬಟ್ಟೆ ಹಾಕಿಕೊಂಡು ಮಗನನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಹೊರಡುತ್ತಾನೆ. ಮನೆ ತೆಗೆದುಕೊಂಡಾಗ ಅದು ಎಂಟು ನಿಮಿಷದ ದಾರಿಯಂತೆ. ಈಗ ಎಂಟು ನಿಮಿಷಕ್ಕೆ ಆಗುತ್ತಿಲ್ಲ. ಆದರೆ ಒಪ್ಪುವುದಿಲ್ಲ ಯಜಮಾನ! ಗಡಿಯಾರ ಸರಿಯಿಲ್ಲ, ರೈಲು ಬೇಗ ಬಂತು, ಹೀಗೆ ಏನಾದರೂ ಒಂದು. ಕೊನೆಗೆ ರೈಲಿಳಿದ ಮಗನೇ ಅರ್ಧ ದಾರಿಯಲ್ಲಿ ಸಿಗುತ್ತಾನೆ. ಅಪ್ಪನಿಗೆ ವಯಸ್ಸಾಯಿತು ಅಂತ ಮಗನಿಗೆ ಗೊತ್ತು. ಗೊತ್ತು ಅಂತ ಅಪ್ಪನಿಗೂ ಗೊತ್ತು. ಇಬ್ಬರೂ ಬಾಯಿ ಬಿಡುವುದಿಲ್ಲ. ಮಗ ತನ್ನ ಹೆಜ್ಜೆಯನ್ನು ನಿಧಾನ ಮಾಡಿಕೊಂಡು ಅಪ್ಪನ ಪಕ್ಕ ನಡೆಯುತ್ತಾನೆ. ನೋಡಿ, ಇಷ್ಟರಲ್ಲೇ ಅರ್ಧ ಪಿಕ್ಚರ್ ಆಗಿಹೋಯಿತು!

ಈ ಮಗ ಇದ್ದಾನಲ್ಲ, ಇವನ ಹೆಸರು ಗೊಂಝಾಗ್. ಹಾಗಂತ ಕರೆಯುವುದು ಅಪ್ಪ. ಹೆಂಡತಿ ಮಾರಿ ತೆರೇಸ್‌ಗೆ ಆ ಹೆಸರು ಹಿಡಿಸದು. ಅವಳು ಎದ್ವಾರ್ ಅನ್ನುತ್ತಾಳೆ. ಅಂದರೆ ಇವನಿಗೆ ಅಪ್ಪನ ಮುಂದೆ ಒಂದು ಹೆಸರು, ಹೆಂಡತಿಯ ಮುಂದೆ ಇನ್ನೊಂದು. ತನ್ನದು ಅಂತ ಒಂದು ಹೆಸರೂ ಇಲ್ಲ! ಎರಡು ಗಂಡು ಒಂದು ಹೆಣ್ಣು, ಮೂರು ಮಕ್ಕಳು. ಆಫೀಸು ಕೆಲಸ. ಭಾನುವಾರ ತಪ್ಪಿಸುವುದಿಲ್ಲ. ಮಕ್ಕಳಿಗೆ ನೀಟಾಗಿ ಬಟ್ಟೆ ತೊಡಿಸಿ, ರೈಲು ಹತ್ತಿಸಿ, ತಂದೆಯ ಮುಂದೆ ತಂದು ನಿಲ್ಲಿಸುತ್ತಾನೆ. ಒಳ್ಳೆಯ ಮಗ ಅನ್ನಿಸಿಕೊಳ್ಳಲು ಇನ್ನೇನು ಬೇಕು?

ಅಪ್ಪನಿಗೆ ಮಾತ್ರ ಅವನನ್ನು ಕಂಡರೆ ಒಂಥರಾ ಬೇಸರ. ಬೈಯುವುದಿಲ್ಲ, ಪ್ರೀತಿ ಇಲ್ಲದೆಯೂ ಇಲ್ಲ. ಆದರೆ ಕಣ್ಣಲ್ಲಿ ಬೆಳಕಿಲ್ಲ. ಈ ಗೊಂಝಾಗ್ ಕೂಡ ಒಂದು ಕಾಲದಲ್ಲಿ ಚಿತ್ರ ಬರೆಯುತ್ತಿದ್ದವನು. ಬಿಟ್ಟುಬಿಟ್ಟ. ಅಪ್ಪನಿಗೆ ಎದುರಾಳಿ ಆಗುವುದು ಬೇಡ, ಅಪ್ಪನ ಮನಸ್ಸು ನೋಯುವುದು ಬೇಡ ಅಂತ. ಆದರೆ ಅಪ್ಪನಿಗೆ ಕಾಣುವುದು ಧೈರ್ಯವಿಲ್ಲದ ಗುಮಾಸ್ತ ಮಗ ಮಾತ್ರ! ಯಾರಿಗಾಗಿ ಬಿಟ್ಟನೋ ಅವರಿಗೇ ಬಿಟ್ಟದ್ದು ಕಾಣಲಿಲ್ಲ. ಇದಕ್ಕಿಂತ ದೊಡ್ಡ ಟ್ರ್ಯಾಜಿಡಿ ಯಾವ ಫೈಟ್ ಮಾಸ್ಟರ್ ತಾನೇ ತೋರಿಸಬಲ್ಲ?

ಊಟವಾಯಿತು. ಎಲ್ಲರೂ ತೂಕಡಿಸುತ್ತಿದ್ದಾರೆ. ಆಗ ಧಡ್ ಧಡ್ ಅಂತ ಒಂದು ಕಾರು ನುಗ್ಗುತ್ತದೆ! ಮಗಳು ಇರೇನ್. ಮದುವೆ ಆಗಿಲ್ಲ. ಪ್ಯಾರಿಸಿನಲ್ಲಿ ಸ್ವಂತ ಅಂಗಡಿ. 1912ರಲ್ಲೇ ತಾನೇ ಕಾರು ಓಡಿಸುವ ಹೆಣ್ಣು! ಜತೆಗೊಂದು ನಾಯಿ ಬೇರೆ. ಇವಳು ಯಾವಾಗಲೋ ಒಮ್ಮೆ ಬರುವವಳು. ಬಂದಳೋ, ಮನೆಯೆಲ್ಲ ದೀಪ ಹಚ್ಚಿದಂತೆ. ಮುದುಕನ ಮುಖ ನೋಡಬೇಕು ನೀವು, ಹದಿನಾರರ ಹುಡುಗ! ಬೆಳಗಿನಿಂದ ಪಕ್ಕದಲ್ಲಿ ಕೂತ ಮಗ ಒಮ್ಮೆಲೇ ಕುರ್ಚಿ ಮೇಜಿನ ಹಾಗೆ ಮನೆಯ ಒಂದು ಸಾಮಾನು ಆಗಿಬಿಡುತ್ತಾನೆ. ಇರೇನ್ ಅಟ್ಟ ಹತ್ತಿ ಹಳೇ ಪೆಟ್ಟಿಗೆ ಕೆದಕಿ ಹಳೇ ಶಾಲುಗಳನ್ನು ಎಳೆದು ಹಾಕುತ್ತಾಳೆ, ಅಂಗಡಿಗೆ ಆಗುತ್ತೆ ಅಂತ. ಅಪ್ಪ ಬೇಡ ಅನ್ನುವುದಿಲ್ಲ. ಅದನ್ನೇ ಮಗ ಕೇಳಿದ್ದರೆ? ಮಗ ಕೇಳುವವನೇ ಅಲ್ಲ ಬಿಡಿ.

ಇರೇನ್ ಪಾತ್ರ ಮಾಡಿದವರು ಸಬೀನ್ ಅಜೇಮಾ. ಈ ಪಾತ್ರಕ್ಕೆ 1985ರಲ್ಲಿ ಫ್ರಾನ್ಸಿನ ಸೆಸಾರ್ ಪ್ರಶಸ್ತಿ, ಅತ್ಯುತ್ತಮ ನಟಿ. ಆ ನಗು, ಆ ಚಡಪಡಿಕೆ! ಆದರೆ ನಗುವಿನ ಹಿಂದೆ ನೋಡಿ ಮಿತ್ರರೇ. ಅವಳು ಮತ್ತೆ ಮತ್ತೆ ಫೋನಿನ ಹತ್ತಿರ ಹೋಗುತ್ತಾಳೆ. ಪ್ಯಾರಿಸಿನಲ್ಲಿ ಒಬ್ಬನಿದ್ದಾನೆ. ಅವನ ದನಿಗಾಗಿ ಕಾಯುತ್ತಿದ್ದಾಳೆ. ಅವನ ಮುಖ ನಮಗೆ ತೋರಿಸುವುದೇ ಇಲ್ಲ. ಇಡೀ ಮನೆಗೆ ಬೆಳಕು ತಂದವಳು ಒಳಗೆ ಕತ್ತಲು ಇಟ್ಟುಕೊಂಡು ಬಂದಿದ್ದಾಳೆ. ಅಪ್ಪ ಒಂಟಿ, ಸಂಸಾರದ ನಡುವೆ ಮಗ ಒಂಟಿ, ಪ್ರೀತಿಯಲ್ಲಿ ಮಗಳು ಒಂಟಿ. ಮೂವರೂ ಒಂದೇ ಸೂರಿನಡಿ. ಯಾರೂ ಯಾರಿಗೂ ಹೇಳುವುದಿಲ್ಲ!

ಮಧ್ಯಾಹ್ನ ಇರೇನ್ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಾಳೆ. ತೆರೆದ ಬಯಲಿನಲ್ಲಿ ಕುಡಿದು ಕುಣಿಯುವ ಜಾಗ. ಹುಡುಗರು ಹುಡುಗಿಯರು, ವಾದ್ಯ, ಮರದ ನೆರಳು. ಆ ಕಾಲದ ದೊಡ್ಡ ದೊಡ್ಡ ಚಿತ್ರಕಾರರು ಬರೆದದ್ದು ಇಂಥ ಜಾಗಗಳನ್ನೇ. 1874ರಲ್ಲಿ ಮೊನೆ, ರೆನ್ವಾ ಮೊದಲಾದವರು ಪ್ಯಾರಿಸಿನಲ್ಲಿ ತಮ್ಮದೇ ಪ್ರದರ್ಶನ ಇಟ್ಟು, ಬೈಸಿಕೊಂಡು, ಹೊಸ ದಾರಿ ತೆರೆದರಲ್ಲ, ಆಗ ನಮ್ಮ ಲಾದ್ಮಿರಾಲ್ ಇನ್ನೂ ಯುವಕ. ಅವನು ಆ ದಾರಿಗೆ ಹೋಗಲಿಲ್ಲ. ಗುರುಗಳು ಹೇಳಿಕೊಟ್ಟಂತೆ ಬರೆದ, ಗೌರವ ಪಡೆದ, ಮನೆ ಕಟ್ಟಿದ. ಈಗ ಮಗಳ ಮುಂದೆ ಮೆಲ್ಲಗೆ ಬಾಯಿ ಬಿಡುತ್ತಾನೆ. ಹೊಸಬರದನ್ನು ನೋಡಿದೆ, ಮೆಚ್ಚಿದೆ. ಆದರೆ ಅದು ಅವರ ದಾರಿ, ನಾನು ಹಿಡಿದರೆ ನಕಲು ಆಗುತ್ತಿತ್ತು. ಬಹುಶಃ ನನಗೆ ಧೈರ್ಯ ಸಾಲಲಿಲ್ಲ, ಎಂಬರ್ಥದ ಮಾತು. ಕಣ್ಣೀರಿಲ್ಲ. ಬ್ಯಾಕ್‌ಗ್ರೌಂಡಿನಲ್ಲಿ ಐವತ್ತು ಪಿಟೀಲಿಲ್ಲ. ಹೇಳಿ ಮುಗಿಸಿ ಮಗಳ ಜತೆ ಎದ್ದು ಕುಣಿಯುತ್ತಾನೆ. ಅಪ್ಪ ಮಗಳ ಆ ಡ್ಯಾನ್ಸು ಇದೆಯಲ್ಲ ತಿಪಟೂರಿನ ದೊರೆಯೇ, ನಿಮ್ಮ ಹತ್ತು ಡ್ಯುಯೆಟ್ಟಿಗೆ ಸಮ!

ಈಗ ತಮಾಷೆ ನೋಡಿ. ಧೈರ್ಯ ಸಾಲದ ಅಪ್ಪ, ಧೈರ್ಯ ಸಾಲದ ಮಗನನ್ನು ಕಂಡು ಬೇಸರ ಪಡುತ್ತಾನೆ. ಯಾಕೆ? ಮಗನ ಮುಖದಲ್ಲಿ ಕಾಣುವುದು ತನ್ನದೇ ಮುಖ. ಮಗಳ ಮುಖದಲ್ಲಿ ಕಾಣುವುದು ತಾನು ಆಗದೆ ಉಳಿದ ಇನ್ನೊಬ್ಬ.

ಮನೆಗೆ ಮರಳಿದ ಮೇಲೆ ಪ್ಯಾರಿಸಿನವನ ಸುದ್ದಿ ಸಿಗುತ್ತದೆ. ಇರೇನ್ ಮುಖ ಬಾಡುತ್ತದೆ, ಇದ್ದಕ್ಕಿದ್ದಂತೆ ಕಾರು ಹತ್ತಿ ಹೊರಟೇಬಿಡುತ್ತಾಳೆ. ಮನೆ ಮತ್ತೆ ತಣ್ಣಗಾಗುತ್ತದೆ. ಸಂಜೆ ಮಗನ ಸಂಸಾರವೂ ರೈಲಿಗೆ ಹೊರಡುತ್ತದೆ. ಬೀಳ್ಕೊಟ್ಟು ಮುದುಕ ಒಬ್ಬನೇ ವಾಪಸ್ ಬರುತ್ತಾನೆ. ಕೋಣೆಯಲ್ಲಿ ಅರ್ಧ ಬರೆದ ಚಿತ್ರವೊಂದಿದೆ, ಅದೇ ಕೋಣೆಯ ಒಂದು ಮೂಲೆಯ ಚಿತ್ರ. ಅದನ್ನು ತೆಗೆದು ಪಕ್ಕಕ್ಕಿಟ್ಟು, ಖಾಲಿ ಬಿಳೀ ಕ್ಯಾನ್ವಾಸ್ ಏರಿಸಿ, ಅದರ ಮುಂದೆ ಕೂತು ನೋಡುತ್ತಾನೆ. ಮುಗಿಯಿತು ಪಿಕ್ಚರ್!

"ಬರೆದನಾ ಇಲ್ವಾ?" ಅಂತ ನನ್ನ ಗೆಳೆಯ ಕೇಳಿದ. ಅದನ್ನು ನಿರ್ದೇಶಕ ಹೇಳಲಿಲ್ಲ ಗುರೂ. ಕುಳಿತನಲ್ಲ, ಅದೇ ದೊಡ್ಡದು.

ಮುದುಕನ ಪಾತ್ರ ಮಾಡಿದ ಲೂಯಿ ದ್ಯೂಕ್ರೋ ಸಿನಿಮಾ ಸ್ಟಾರ್ ಅಲ್ಲವೇ ಅಲ್ಲ. ಬಹುಪಾಲು ಆಯುಷ್ಯ ನಾಟಕರಂಗದಲ್ಲಿ ಕಳೆದವರು. 1911ರಲ್ಲಿ ಹುಟ್ಟಿದವರಿಗೆ ಎಪ್ಪತ್ತು ದಾಟಿದ ಮೇಲೆ ಸಿಕ್ಕಿತು ಇಂಥ ಹೀರೋ ಪಾತ್ರ! ಮಗನಾಗಿ ಮಿಶೆಲ್ ಓಮೋಂ. ಈತನ ನಟನೆಗೆ ಚಪ್ಪಾಳೆ ಬೀಳುವುದು ಕಷ್ಟ, ಯಾಕೆಂದರೆ ಇಡೀ ಚಿತ್ರದಲ್ಲಿ ಈತ ಮಾಡುವುದು ನುಂಗಿಕೊಳ್ಳುವ ಕೆಲಸ. ಕ್ಯಾಮೆರಾ ಬ್ರೂನೋ ದ ಕೈಜರ್. ಅವರಿಗೂ ಸೆಸಾರ್ ಬಂತು. ಲಿಯೋನಿನ ಲೂಮಿಯೇರ್ ಸೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಬಣ್ಣದ ಫೋಟೋಗಳಿವೆಯಲ್ಲ, ಇಲ್ಲಿನ ಬಿಸಿಲು ಹಾಗೇ ಇದೆ. ಸಂಗೀತ ಗೇಬ್ರಿಯಲ್ ಫೋರೆಯ ಕೃತಿಗಳದು. ನಡುನಡುವೆ ಒಂದು ದನಿ ಪಾತ್ರಗಳ ಮನಸ್ಸಿನ ಮಾತು ಹೇಳುತ್ತದೆ. ಅದು ತಾವೆರ್ನಿಯೆಯದೇ ದನಿ.

ಅಂದ ಹಾಗೆ, ಇದರ ಹಿಂದೆಯೂ ಒಂದು ಮಸಾಲೆ ಸುದ್ದಿಯಿದೆ. ಮೂಲ ಕಾದಂಬರಿ 1945ರದು, ಬರೆದವರು ಪಿಯೆರ್ ಬೋಸ್ತ್. ಆತ ಸಿನಿಮಾಗಳಿಗೂ ಬರೆಯುತ್ತಿದ್ದ ದೊಡ್ಡ ಹೆಸರು. 1954ರಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ಪುಂಡ ವಿಮರ್ಶಕ ಆತನನ್ನೂ, ಆತನ ಜತೆಗಾರ ಜಾನ್ ಓರಾಂಶ್‌ನನ್ನೂ ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಜಾಡಿಸಿದ. ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧ ನಿರ್ದೇಶಕನಾದ ಫ್ರಾಂಸ್ವಾ ತ್ರೂಫೋ! ಇಬ್ಬರು ಹಳಬರೂ ಮೂಲೆಗೆ ಸರಿದರು. ಆಗ ನಮ್ಮ ತಾವೆರ್ನಿಯೆ ಏನು ಮಾಡಿದ ಗೊತ್ತಾ? 1974ರ ತನ್ನ ಮೊದಲ ಚಿತ್ರ 'ದಿ ಕ್ಲಾಕ್‌ಮೇಕರ್'ಗೆ ಆ ಇಬ್ಬರನ್ನೇ ಹುಡುಕಿಕೊಂಡು ಹೋಗಿ ಬರೆಸಿದ. ಮರುವರ್ಷ ಬೋಸ್ತ್ ತೀರಿಕೊಂಡರು. ಆಮೇಲೆ ಅವರ ಕಾದಂಬರಿಯಿಂದಲೇ ಈ ಭಾನುವಾರದ ಚಿತ್ರ. ಬೇರೆಯವರು ಮುದುಕರಾದರು ಅಂತ ಬಿಟ್ಟವರ ಮನೆಗೆ ಹೋಗಿ ಬಾಗಿಲು ತಟ್ಟಿದ ಮನುಷ್ಯ. ಇಂಥವನೇ ಇಂಥ ಚಿತ್ರ ಮಾಡಬೇಕು. ತಾವೆರ್ನಿಯೆ 2021ರ ಮಾರ್ಚಿನಲ್ಲಿ ತೀರಿಕೊಂಡ.

ಈಗ ನಿದ್ದೆ ಬಾರದ ವಿಷಯ.

ನೋಡುವಾಗ ನಾನು ಮೊದಲಿಂದಲೂ ಇರೇನ್ ಪಾರ್ಟಿ. ಯಾಕೆಂದರೆ ನಾನೂ ಅಂಥವನೇ ಅಂತ ನನ್ನ ಜಂಬ. ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು, ಈಗ ರಿಟೈರ್ಡ್. ಪಿಯುಸಿ ಬಿಟ್ಟು ಬೆಂಗಳೂರಿನ ಬಸ್ ಹತ್ತಿದಾಗ ಮೂರು ತಿಂಗಳು ಮಾತಾಡಿಸಲಿಲ್ಲ. ಈಗ? ನಾಲ್ಕು ತಿಂಗಳಿಗೊಮ್ಮೆ ಹೋದರೆ ಕೋಳಿ ಕುಯ್ಯುತ್ತಾರೆ. ಈ ಪತ್ರಿಕೆಯನ್ನು ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿರುತ್ತಾರೆ. ಯಾವ ಹೀರೋ ನೋಡಿದೆ, ಶೂಟಿಂಗ್ ಹೇಗಿರುತ್ತೆ ಅಂತ ಕೇಳುತ್ತಾರೆ. ಮಾತಾಡಿ ಮಾತಾಡಿ ರಾತ್ರಿ ಹತ್ತಾಗುತ್ತದೆ. ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಮಾಯ!

ಪಿಕ್ಚರ್ ಮುಗಿದು, ಲೈಟ್ ಆರಿಸಿ ಮಲಗಿದ ಮೇಲೆ ಥಟ್ಟನೆ ಹೊಳೆಯಿತು: ಹಾಗಾದರೆ ನಮ್ಮನೇಲಿ ಗೊಂಝಾಗ್ ಯಾರು?

ನಮ್ಮಣ್ಣ. ನನಗಿಂತ ಆರು ವರ್ಷ ದೊಡ್ಡವನು. ಊರಿನ ಪಕ್ಕದ ಪಟ್ಟಣದಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಪ್ರತಿ ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಪ್ಪನ ಹತ್ತಿರ ಬರುತ್ತಾನೆ. ಕರೆಂಟ್ ಬಿಲ್ಲು ಅವನೇ ಕಟ್ಟುತ್ತಾನೆ, ಬಿಪಿ ಮಾತ್ರೆ ಅವನೇ ತರುತ್ತಾನೆ. ಅವನು ಬಂದ ದಿನ ಕೋಳಿ ಇಲ್ಲ. ವಾರ ವಾರ ಬರುವವನಿಗೆ ಯಾರು ಕೋಳಿ ಕುಯ್ತಾರೆ?

ಇನ್ನೊಂದು ವಿಷಯ ಇದೆ, ಬರೆಯಲು ಕೈ ನಡುಗುತ್ತದೆ. ನಮ್ಮನೇಲಿ ಸಿನಿಮಾ ಹುಚ್ಚು ಮೊದಲು ಹಿಡಿದದ್ದು ನನಗಲ್ಲ, ಅಣ್ಣನಿಗೆ. ಸೈಕಲ್ ಹಿಂದೆ ಕೂರಿಸಿಕೊಂಡು ತಾಲ್ಲೂಕು ಟಾಕೀಸಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವನು ಅವನು. ವಾಪಸ್ ಬರುವಾಗ ಇಡೀ ಪಿಕ್ಚರಿನ ಡೈಲಾಗ್ ಒಪ್ಪಿಸುತ್ತಿದ್ದ. ಬೆಂಗಳೂರಿಗೆ ಹೋಗಬೇಕು ಅಂತ ಅವನೂ ಬ್ಯಾಗ್ ಕಟ್ಟಿದ್ದ. ಅಮ್ಮ ತೀರಿಕೊಂಡ ವರ್ಷ ಅದು. ಒಬ್ಬರಾದರೂ ಹತ್ತಿರ ಇರಬೇಕಲ್ಲ ಅಂತ ಬ್ಯಾಗ್ ಬಿಚ್ಚಿದ. ಬಿಚ್ಚಿದ್ದು ಯಾರಿಗೂ ಕಾಣಲಿಲ್ಲ. ಎರಡು ವರ್ಷ ಬಿಟ್ಟು ನಾನು ಹೊರಟೆನಲ್ಲ, ಅದೇ ಬ್ಯಾಗು ನನ್ನ ಕೈಯಲ್ಲಿತ್ತು!

ನಮ್ಮ 'ಬಂಗಾರದ ಮನುಷ್ಯ' (1972) ನೆನಪಿದೆಯಲ್ಲ? ಅಣ್ಣಾವ್ರ ರಾಜೀವ ಮನೆಯವರಿಗಾಗಿ ದುಡಿದು ದುಡಿದು, ಕೊನೆಗೆ ನೊಂದು, ಎಲ್ಲ ಬಿಟ್ಟು ನಡೆದು ಹೋಗುತ್ತಾನೆ. ಟಾಕೀಸಿಗೆ ಟಾಕೀಸೇ ಅಳುತ್ತದೆ. ಗೊಂಝಾಗ್‌ಗೆ ಆ ಭಾಗ್ಯವೂ ಇಲ್ಲ ಸ್ವಾಮಿ. ಅವನು ನಡೆದು ಹೋಗುವ ದೃಶ್ಯವೇ ಇಲ್ಲ. ಮುಂದಿನ ಭಾನುವಾರ ಮತ್ತೆ ಬರಬೇಕಲ್ಲ!

ಕಳೆದ ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೋದೆ, ಹೇಳದೆ ಕೇಳದೆ. ಬೆಳಿಗ್ಗೆ ಅಣ್ಣನ ಸಂಸಾರ ಬಂತು. ಅಪ್ಪ ಎಂದಿನಂತೆ ನನ್ನನ್ನೇ ಕೂರಿಸಿಕೊಂಡು ಸಿನಿಮಾ ಸುದ್ದಿ ತೆಗೆದರು. ನಾನು ಅಂದೆ, "ಅಪ್ಪಾ, ಅಣ್ಣನ್ನ ಕೇಳಿ, ಅವನಿಗೆ ನನಗಿಂತ ಜಾಸ್ತಿ ಗೊತ್ತು." ಅಪ್ಪ ಒಂದು ಕ್ಷಣ ಅಣ್ಣನ ಕಡೆ ನೋಡಿದರು. ಅಣ್ಣ ಮಾತ್ರೆ ಎಣಿಸಿ ಡಬ್ಬಿಗೆ ಹಾಕುತ್ತಿದ್ದ. "ನನಗೆಲ್ಲಿ ಟೈಮು" ಅಂದ. ಮುಗಿಯಿತು. ಸಿನಿಮಾದಲ್ಲಾದರೆ ಇಲ್ಲಿ ಅಪ್ಪ ಎದ್ದು ಬಂದು ತಬ್ಬಿಕೊಳ್ಳಬೇಕಿತ್ತು. ತಬ್ಬಿಕೊಳ್ಳಲಿಲ್ಲ.

ಸಂಜೆ ಅಣ್ಣ ನನ್ನನ್ನು ಬಸ್ ಸ್ಟಾಪಿಗೆ ಬಿಡಲು ಬಂದ. ದಾರಿಯಲ್ಲಿ ಈ ಫ್ರೆಂಚ್ ಪಿಕ್ಚರಿನ ಕಥೆ ಪೂರ್ತಿ ಹೇಳಿದೆ, ಹಿಂದೆ ಅವನು ನನಗೆ ಹೇಳುತ್ತಿದ್ದ ಹಾಗೆ. ಮಗ ಚಿತ್ರ ಬರೆಯುವುದು ಬಿಟ್ಟ ಅಂದಾಗ ಅಣ್ಣನ ನಡಿಗೆ ನಿಧಾನವಾಯಿತು. ಕೊನೆಗೆ ಕೇಳಿದ್ದು ಒಂದೇ: "ಆ ಮುದುಕ ಖಾಲಿ ಕ್ಯಾನ್ವಾಸ್ ಮುಂದೆ ಕೂತನಲ್ಲ, ಆಗ ಅವನ ತಲೇಲಿ ಮಗ ಇದ್ನಾ, ಮಗಳಾ?"

ಅಣ್ಣಾ, ಪೆನ್ನು ಹಿಡಿದು ಸಂಬಳ ತೆಗೆದುಕೊಳ್ಳುವ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಉತ್ತರ ಹೇಳುವಷ್ಟರಲ್ಲಿ ಬಸ್ಸು ಬಂತು.

ಇನ್ನೊಂದು ಮಾತು. ಈ ಭಾನುವಾರ 1912ರದು. ಎರಡೇ ವರ್ಷ, 1914ರಲ್ಲಿ ಮೊದಲ ಮಹಾಯುದ್ಧ. ಆ ತೋಟ, ಆ ಕುಣಿತ, ಆ ನೆಮ್ಮದಿಯ ರೈಲು, ಎಲ್ಲದರ ಮೇಲೂ ಬೂಟುಗಾಲು ಬೀಳಲಿದೆ. ಚಿತ್ರದಲ್ಲಿ ಯಾರಿಗೂ ಅದು ಗೊತ್ತಿಲ್ಲ. ಎಲ್ಲರೂ ಮುಂದಿನ ಭಾನುವಾರ ಹೇಳೋಣ ಅಂದುಕೊಂಡೇ ಇದ್ದಾರೆ. ನೋಡುವ ನಮಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ.

ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದುತ್ತಿರುವ ಮಿತ್ರರೇ, ನಿಮ್ಮಲ್ಲಿ ಅರ್ಧ ಜನ ಊರಿಗೆ ಹೊರಟವರು, ಅರ್ಧ ಜನ ಊರು ಬಿಟ್ಟು ಹೊರಟವರು. ನೀವು ಭಾನುವಾರ ಬರುವ ಮಗನೋ, ಯಾವಾಗಲೋ ಬರುವವನೋ, ನೀವೇ ನೋಡಿಕೊಳ್ಳಿ. ಯಾವಾಗಲೋ ಬರುವವನಾದರೆ, ವಾರ ವಾರ ಬರುವವನಿಗೆ ಒಂದು ಫೋನ್ ಮಾಡಿ.

ಸಿಕ್ಕರೆ ಈ ಚಿತ್ರ ನೋಡಿ, ಒಂದೂವರೆ ಗಂಟೆಯದು ಅಷ್ಟೇ. ಒಬ್ಬರೇ ನೋಡಬೇಡಿ. ತಿಪಟೂರಿನ ದೊರೆಗೆ ಮಾತು ಕೊಡುತ್ತಿದ್ದೇನೆ: ಮುಂದಿನ ವಾರ ಫೈಟು ಖಂಡಿತ!